ಪರ್ಸಿಮನ್ ಹಣ್ಣು: ಗುರುತಿಸುವುದು, ಮಾಗಿಸುವುದು, ಹಿತವಾಗಿ ತಿನ್ನುವುದು

ನಮ್ಮತ್ತೆ ಮೊದಲ ಸಲ ಪರ್ಸಿಮನ್ ತಿಂದಾಗ ಒಂದೇ ತುತ್ತಿಗೆ ಮುಖ ಸಿಂಡರಿಸಿದರು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡ ಹಾಗೆ, ಹಲ್ಲಿನ ಮೇಲೆ ಯಾರೋ ಹಿಟ್ಟು ಉಜ್ಜಿದ ಹಾಗೆ. "ಗೇರುಹಣ್ಣು ಕಾಯಿ ಇದ್ದಾಗಲೇ ಕಚ್ಚಿದ ಹಾಗಾಯ್ತಲ್ಲೇ, ಇದನ್ಯಾಕೆ ತಂದೆ?" ಅಂತ ತಟ್ಟೆ ಸರಿಸಿಬಿಟ್ಟರು. ಜೊತೆಗೆ ತಂದಿದ್ದ ಇನ್ನೊಂದು ಹಣ್ಣನ್ನು ನಾನು ಅಡುಗೆಮನೆಯ ಮೂಲೆಯಲ್ಲಿ ಬಾಳೆಹಣ್ಣಿನ ಪಕ್ಕ ಇಟ್ಟೆ. ಆರನೇ ದಿನ ಅದನ್ನು ಎರಡು ಹೋಳು ಮಾಡಿ, ಒಂದು ಚಮಚ ಕೊಟ್ಟು ಅವರ ಮುಂದಿಟ್ಟೆ. ಸಿಪ್ಪೆ ಮಾತ್ರ ಉಳಿಯಿತು.

ಎರಡೂ ಒಂದೇ ಮರದ ಹಣ್ಣು ಇರಬಹುದು. ತಿಂದ ದಿನ ಮಾತ್ರ ಬೇರೆ. ಒಂದು ಸಲ ಬಾಯಿ ಕಟ್ಟಿಕೊಂಡು ಮತ್ತೆ ಈ ಹಣ್ಣಿನ ಕಡೆ ತಿರುಗಿ ನೋಡದವರು ಎಷ್ಟೋ ಜನ ಇದ್ದಾರೆ. ಅವರಿಗಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಇದರ ರುಚಿಯೂ, ಇದು ದೇಹಕ್ಕೆ ಮಾಡುವ ಒಳ್ಳೆಯದೂ, ಅಪರೂಪಕ್ಕೆ ಮಾಡಬಹುದಾದ ತೊಂದರೆಯೂ ಹಣ್ಣು ಎಷ್ಟು ಮಾಗಿದೆ ಅನ್ನೋದರ ಮೇಲೇ ನಿಂತಿದೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ

ಹಿಮಾಚಲದಲ್ಲಿ ಇದನ್ನು ಜಪಾನಿ ಫಲ್ ಅನ್ನುತ್ತಾರೆ. ಉತ್ತರದ ಮಾರುಕಟ್ಟೆಗಳಲ್ಲಿ ರಾಮ್‌ಫಲ್ ಅಂತಲೂ ಮಾರುತ್ತಾರೆ. ನಮಗೆ ಎಡವಟ್ಟಾಗೋದು ಇಲ್ಲೇ. ನಮ್ಮಲ್ಲಿ ರಾಮಫಲ ಅಂದರೆ ಸೀತಾಫಲದ ಜಾತಿಯ, ಒಳಗೆ ಬೆಳ್ಳಗೆ ಮರಳು ಮರಳಾಗಿರುವ ಹಣ್ಣು. ಪರ್ಸಿಮನ್‌ಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಹಾಗಾಗಿ ಆನ್‌ಲೈನ್‌ನಲ್ಲಿ ತರಿಸುವಾಗ ಹೆಸರಿನ ಜೊತೆ ಚಿತ್ರವನ್ನೂ ನೋಡಿ.

ಸಂಬಂಧ ಇರುವುದು ತೂಬರೆಯ ಜೊತೆ. ನಮ್ಮ ಒಣ ಕಾಡುಗಳಲ್ಲಿ ಬೆಳೆಯುವ, ಬೀಡಿ ಸುತ್ತೋಕೆ ಎಲೆ ಕೊಡುವ ತೂಬರೆ ಮರವೂ ಪರ್ಸಿಮನ್ ಮರವೂ ಒಂದೇ ಕುಲದವು. ಆ ಕುಲದ ಹೆಸರು ಡಯೋಸ್ಪೈರಸ್. ಕರೀ ಎಬನಿ ಮರವೂ ಅದೇ ಬಳಗದ್ದು. ಚಿಕ್ಕವರಿದ್ದಾಗ ಕಾಡಂಚಿನಲ್ಲಿ ತೂಬರೆ ಹಣ್ಣು ಕಿತ್ತು ತಿಂದವರಿಗೆ ಪರ್ಸಿಮನ್‌ನ ಒಗರು ಹೊಸದೇನೂ ಅನ್ನಿಸೋದಿಲ್ಲ.

ಪರ್ಸಿಮನ್‌ನ ತವರು ಚೀನಾ. ಇವತ್ತಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಬೆಳೆಯುವುದು ಅಲ್ಲೇ. ಜಪಾನಿನಲ್ಲಿ ಇದಕ್ಕೆ ಕಾಕಿ ಅನ್ನುತ್ತಾರೆ. ನಮ್ಮ ದೇಶಕ್ಕೆ 1921ರ ಸುಮಾರಿಗೆ ಯುರೋಪಿನವರು ತಂದರು. ಈಗ ಹಿಮಾಚಲದ ಕುಲ್ಲು, ಮಂಡಿ ಕಡೆ ಇದರ ತೋಟಗಳು ಜಾಸ್ತಿಯಾಗುತ್ತಿವೆ. ಸೇಬಿಗೆ ಚಳಿಗಾಲದಲ್ಲಿ ತುಂಬಾ ಹೊತ್ತು ಕೊರೆಯುವ ಚಳಿ ಬೇಕು. ಕಣಿವೆಯ ತಗ್ಗಿನ ಊರುಗಳಲ್ಲಿ ಆ ಚಳಿ ಈಗ ಸಾಲುತ್ತಿಲ್ಲ. ಪರ್ಸಿಮನ್‌ಗೆ ಅಷ್ಟು ಚಳಿ ಬೇಡ, ಅದಕ್ಕೇ ಕೆಲವು ರೈತರು ಸೇಬಿನ ಜಾಗದಲ್ಲಿ ಇದನ್ನು ಹಾಕುತ್ತಿದ್ದಾರೆ. ನಮಗೆ ಹತ್ತಿರ ಅಂದರೆ ನೀಲಗಿರಿಯ ಕುನ್ನೂರಿನಲ್ಲೂ ಈ ಮರಗಳಿವೆ. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರಿಗಂತೂ ಇದು ಹಿತ್ತಲ ಹಣ್ಣು. ಶರತ್ಕಾಲ ಬಂತೆಂದರೆ ಅಕ್ಕಪಕ್ಕದವರು ಚೀಲಗಟ್ಟಲೆ ಕೊಡುತ್ತಾರೆ.

ಹಂತ 1: ಆಕಾರ ನೋಡಿ ಜಾತಿ ಗುರುತಿಸಿ

ಅಂಗಡಿಯಲ್ಲಿ ಮಾಡಬೇಕಾದ ಮುಖ್ಯ ಕೆಲಸ ಇದೊಂದೇ.

ಚಪ್ಪಟೆಯಾಗಿ, ದಪ್ಪ ಟೊಮೆಟೊ ಹಾಗೆ ಕಂಡರೆ ಅದು ಫುಯು ತರಹದ್ದು. ಗಟ್ಟಿ ಇದ್ದಾಗಲೇ ಸೇಬಿನ ಹಾಗೆ ಕಚ್ಚಿ ತಿನ್ನಬಹುದು, ಒಗರು ಇರೋದಿಲ್ಲ. ಉದ್ದಕ್ಕೆ, ಕೆಳಗೆ ಚೂಪಾಗಿ, ಹೃದಯದ ಆಕಾರದಲ್ಲಿದ್ದರೆ ಅದು ಹಚಿಯಾ. ಇದು ಪೂರ್ತಿ ಮೆತ್ತಗಾಗುವ ತನಕ ಬಾಯಿಗಿಡುವ ಹಾಗಿಲ್ಲ. ಹಿಮಾಚಲದಲ್ಲಿ ಇವೆರಡೂ ಬೆಳೆಯುತ್ತವೆ. ಹ್ಯಾಕುಮೆ ಅಂತ ಮೂರನೆಯದೂ ಒಂದಿದೆ. ಅದರಲ್ಲಿ ಬೀಜ ಕಟ್ಟಿದ್ದರೆ ಬೀಜದ ಸುತ್ತಲಿನ ತಿರುಳು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕತ್ತರಿಸಿದಾಗ ಹಣ್ಣು ಕೊಳೆತಿದೆ ಅಂದುಕೊಂಡು ಎಸೆಯಬೇಡಿ. ಕಂದಾದ ಭಾಗದಲ್ಲೇ ಒಗರು ಕಡಿಮೆ, ಸಿಹಿ ಜಾಸ್ತಿ.

ಸ್ಪೇನ್‌ನಿಂದ ಬರುವ ಹಣ್ಣಿನ ವಿಷಯದಲ್ಲಿ ಈ ಆಕಾರದ ಲೆಕ್ಕ ನಡೆಯೋದಿಲ್ಲ. ರೋಹೊ ಬ್ರಿಲ್ಯಾಂತೆ ಅನ್ನುವ ಆ ಜಾತಿ ಉದ್ದಕ್ಕಿರುತ್ತದೆ, ಹುಟ್ಟಿನಿಂದ ಒಗರೂ ಹೌದು. ಆದರೆ ಅಲ್ಲೇ ಇಂಗಾಲದ ಡೈಆಕ್ಸೈಡ್ ತುಂಬಿದ ಕೋಣೆಯಲ್ಲಿ ಒಂದು ದಿನ ಇಟ್ಟು ಒಗರು ತೆಗೆದು ಕಳಿಸುತ್ತಾರೆ. ಹಾಗಾಗಿ ಪೆಟ್ಟಿಗೆಯ ಮೇಲೆ ಸ್ಪೇನ್ ಅಂತ ಇದ್ದರೆ ಸಾಮಾನ್ಯವಾಗಿ ಗಟ್ಟಿ ಇದ್ದಾಗಲೇ ತಿನ್ನಬಹುದು. ಯಾವುದು ಅಂತ ತಿಳಿಯದಿದ್ದರೆ ಉಗುರಿನಷ್ಟು ಚೂರು ಕತ್ತರಿಸಿ ನಾಲಿಗೆ ತುದಿಗೆ ಇಟ್ಟುನೋಡಿ. ಅಷ್ಟರಲ್ಲೇ ಗೊತ್ತಾಗಿಬಿಡುತ್ತದೆ.

ಆರಿಸುವಾಗ ತೊಟ್ಟು ನೋಡಿ. ಬದನೆಕಾಯಿಯ ತೊಟ್ಟಿನ ಹಾಗೆ ನಾಲ್ಕು ಎಸಳು ಇರುತ್ತದೆ. ಅದು ಹಣ್ಣಿಗೆ ಬಿಗಿಯಾಗಿ ಅಂಟಿಕೊಂಡಿರಬೇಕು. ಬಣ್ಣ ಹಳದಿಗಿಂತ ಕಿತ್ತಳೆಯ ಕಡೆ ವಾಲಿರಲಿ. ಸಿಪ್ಪೆಯ ಮೇಲಿನ ಸಣ್ಣ ಕಪ್ಪು ಗೆರೆಗಳಿಂದ ತೊಂದರೆಯಿಲ್ಲ. ಒದ್ದೆಯಾಗಿ ಒಡೆದಿದ್ದರೆ ಬೇಡ. ನಮ್ಮ ದೇಶದ ಹಣ್ಣು ಸಿಗುವುದು ಹೆಚ್ಚಾಗಿ ಅಕ್ಟೋಬರ್, ನವೆಂಬರ್‌ನಲ್ಲಿ.

ಹಂತ 2: ಒಗರು ತೆಗೆಯಿರಿ

ಒಗರಿಗೆ ಕಾರಣ ಟ್ಯಾನಿನ್. ಅಡಿಕೆಯಲ್ಲಿ, ನೆಲ್ಲಿಕಾಯಲ್ಲಿ, ಕಡಕ್ ಚಹಾದಲ್ಲಿ ಇರುವಂಥದ್ದೇ. ಕಾಯಿ ಪರ್ಸಿಮನ್ ಕಚ್ಚಿದಾಗ ಈ ಟ್ಯಾನಿನ್ ತುಂಬಿದ ಕೋಶಗಳು ಒಡೆಯುತ್ತವೆ. ಅದು ನೀರಲ್ಲಿ ಕರಗಿ, ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿದು ಗಂಟು ಹಾಕುತ್ತದೆ. ಬಾಯಿಯ ಜಾರಿಕೆ ಹೋಗುತ್ತದೆ, ನಾಲಿಗೆ ಒರಟಾಗುತ್ತದೆ. ಹಣ್ಣು ಮಾಗಿದಾಗ ಟ್ಯಾನಿನ್ ಎಲ್ಲೂ ಹೋಗಿರೋದಿಲ್ಲ. ಅದರ ಕಣಗಳು ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗಿ, ನೀರಲ್ಲಿ ಕರಗದ ಸ್ಥಿತಿಗೆ ಬಂದಿರುತ್ತವೆ. ಕರಗದಿದ್ದರೆ ನಾಲಿಗೆಗೆ ತಿಳಿಯೋದೇ ಇಲ್ಲ. ಈ ಮಾತು ನೆನಪಿರಲಿ, ಮುಂದೆ ಹೊಟ್ಟೆಯ ವಿಷಯ ಬಂದಾಗ ಬೇಕಾಗುತ್ತದೆ.

ಮಲೆನಾಡಿನವರಿಗೆ ಇನ್ನೊಂದು ವಿಷಯ ಹಿಡಿಸಬಹುದು. ಅಡಿಕೆ ಬೇಯಿಸಿದ ಚೊಗರನ್ನು ನಾವು ಕೆಂಪಡಿಕೆಗೆ, ಬಟ್ಟೆಗೆ ಬಣ್ಣ ಕೊಡೋಕೆ ಬಳಸುತ್ತೇವಲ್ವಾ, ಜಪಾನಿನವರು ಕಾಯಿ ಪರ್ಸಿಮನ್ ಜಜ್ಜಿ, ರಸ ಹುಳಿಬರಿಸಿ ಕಾಕಿಶಿಬು ಅನ್ನುವ ಚೊಗರು ಮಾಡುತ್ತಾರೆ. ಕಾಗದಕ್ಕೆ, ಮರಕ್ಕೆ, ಮೀನಿನ ಬಲೆಗೆ ಬಳಿದರೆ ಬೇಗ ಹಾಳಾಗುತ್ತಿರಲಿಲ್ಲ.

ಮನೆಯಲ್ಲಿ ಹಚಿಯಾ ಮಾಗಿಸಲು ನಾನು ಮಾಡುವುದು ಹೀಗೆ. ಹಣ್ಣುಗಳನ್ನು ತೊಟ್ಟು ಕೆಳಗೆ ಮಾಡಿ ಕಾಗದದ ಚೀಲದಲ್ಲಿ ಜೋಡಿಸಿ. ಜೊತೆಗೆ ಎರಡು ಮಾಗಿದ ಏಲಕ್ಕಿ ಬಾಳೆಹಣ್ಣು ಇಡಿ, ಬಾಯಿ ಮಡಚಿ. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲ ಪರ್ಸಿಮನ್‌ಗೆ ಮಾಗೋಕೆ ಸೂಚನೆ ಕೊಡುತ್ತದೆ. ಹುಲ್ಲಿನಲ್ಲಿ ಮಾವಿನಕಾಯಿ ಅಡೆ ಹಾಕುವುದೂ, ಅಕ್ಕಿ ಡಬ್ಬಿಯಲ್ಲಿ ಸಪೋಟ ಹೂತಿಡುವುದೂ ಇದೇ ಲೆಕ್ಕದಲ್ಲಿ ಅಲ್ವಾ. ಬೆಂಗಳೂರಿನ ಹವೆಯಲ್ಲಿ ನಾಲ್ಕರಿಂದ ಏಳು ದಿನ ಸಾಕು. ದಿನಕ್ಕೊಮ್ಮೆ ತೆಗೆದು ನೋಡಿ, ಯಾಕಂದರೆ ಎಲ್ಲ ಒಂದೇ ದಿನ ಮಾಗೋದಿಲ್ಲ. ಪ್ಲಾಸ್ಟಿಕ್ ಕವರ್ ಬೇಡ, ಬೆವರು ಹಿಡಿದು ಬೂಷ್ಟು ಬರುತ್ತದೆ. ಗಟ್ಟಿ ಹಚಿಯಾವನ್ನು ಫ್ರಿಜ್‌ನಲ್ಲಿ ಇಡಲೂಬೇಡಿ, ಮಾಗೋದು ನಿಧಾನವಾಗುತ್ತದೆ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ನಮ್ಮ ದೇಶದಲ್ಲಿ ನಿಷೇಧ. ಅದರ ಹತ್ತಿರವೂ ಹೋಗಬೇಡಿ.

ಮಾಗಿದೆ ಅಂತ ಹೇಗೆ ತಿಳಿಯುವುದು? ಸಪೋಟದಷ್ಟು ಮೆತ್ತಗಾದರೆ ಸಾಲದು. ಅಂಗೈಯಲ್ಲಿ ಇಟ್ಟರೆ ನೀರು ತುಂಬಿದ ಬಲೂನಿನ ಹಾಗೆ ಕೂರಬೇಕು. ಸಿಪ್ಪೆ ತೆಳ್ಳಗಾಗಿ, ಬೆಳಕಿಗೆ ಹಿಡಿದರೆ ಒಳಗಿನಿಂದ ದೀಪ ಹಚ್ಚಿದ ಹಾಗೆ ಕಾಣಬೇಕು. ನೋಡಿದವರು ಕೆಟ್ಟುಹೋಗಿದೆ ಅಂದಾರು, ತಲೆ ಕೆಡಿಸಿಕೊಳ್ಳಬೇಡಿ. ಹುಳಿ ವಾಸನೆ ಬಂದರೆ, ರಸ ಸೋರಿದರೆ ಮಾತ್ರ ಮೀರಿತು ಅಂತ ಅರ್ಥ.

ಕಾಯೋಕೆ ಆಗದವರಿಗೆ ಇನ್ನೊಂದು ದಾರಿ ಇದೆ. ರಾತ್ರಿ ಫ್ರೀಜರ್‌ನಲ್ಲಿಟ್ಟು ಮಾರನೇ ದಿನ ತೆಗೆದು ಕರಗಲು ಬಿಡಿ. ಹಣ್ಣು ಮೆತ್ತಗಾಗಿ ಒಗರು ಬಹಳ ಮಟ್ಟಿಗೆ ಇಳಿಯುತ್ತದೆ. ಆದರೆ ಬಾಳೆಹಣ್ಣಿನ ಜೊತೆ ಮಾಗಿದ್ದರ ಪರಿಮಳ ಇದಕ್ಕೆ ಬರೋದಿಲ್ಲ.

ಹಂತ 3: ಕತ್ತರಿಸಿ ತಿನ್ನುವುದು

ಫುಯು ತೊಳೆದು, ತೊಟ್ಟನ್ನು ಚಾಕುವಿನ ತುದಿಯಿಂದ ಸುತ್ತ ಕೊರೆದು ತೆಗೆಯಿರಿ. ಅಡ್ಡಕ್ಕೆ ಕತ್ತರಿಸಿದರೆ ನಡುವೆ ಎಂಟು ಎಸಳಿನ ನಕ್ಷತ್ರ ಕಾಣುತ್ತದೆ. ಮಕ್ಕಳಿಗೆ ಕೊಡುವಾಗ ನಾನು ಅಡ್ಡಕ್ಕೇ ಕತ್ತರಿಸುವುದು, ಆ ನಕ್ಷತ್ರ ನೋಡಿದರೆ ಬೇಡ ಅನ್ನೋದಿಲ್ಲ. ಬೀಜ ಇದ್ದರೆ ತೆಗೆದುಬಿಡಿ. ಸಿಪ್ಪೆ ತಿನ್ನಬಹುದು, ಆದರೆ ಟ್ಯಾನಿನ್ ಸಿಪ್ಪೆಯಲ್ಲೇ ಜಾಸ್ತಿ. ಹೊಟ್ಟೆ ಸೂಕ್ಷ್ಮ ಇದ್ದವರು ಸುಲಿದೇ ತಿನ್ನಿ.

ಮಾಗಿದ ಹಚಿಯಾಗೆ ಚಾಕುವಿನ ಕೆಲಸವೇ ಇಲ್ಲ. ಎರಡು ಹೋಳು ಮಾಡಿ, ಚಮಚದಲ್ಲಿ ತೋಡಿ ತಿನ್ನಿ.

ಒಳಗೆ ಏನಿದೆ?

ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ 100 ಗ್ರಾಂ ಪರ್ಸಿಮನ್‌ನಲ್ಲಿ ಸುಮಾರು 80 ಗ್ರಾಂ ನೀರು, 70 ಕ್ಯಾಲರಿ, 18.6 ಗ್ರಾಂ ಕಾರ್ಬೋಹೈಡ್ರೇಟ್, ಅದರಲ್ಲಿ 12.5 ಗ್ರಾಂ ಸಕ್ಕರೆ, 3.6 ಗ್ರಾಂ ನಾರು ಇದೆ. ಒಂದು ಮಧ್ಯಮ ಹಣ್ಣು ಸುಮಾರು 168 ಗ್ರಾಂ ತೂಗುತ್ತದೆ. ಅಂದರೆ ಒಂದು ಹಣ್ಣಿಗೆ 118 ಕ್ಯಾಲರಿ, 6 ಗ್ರಾಂ ನಾರು.

ನನಗೆ ಇದರಲ್ಲಿ ಮುಖ್ಯ ಅನ್ನಿಸೋದು ನಾರು. ದೊಡ್ಡವರಿಗೆ ದಿನಕ್ಕೆ ಸುಮಾರು 30 ಗ್ರಾಂ ನಾರು ಬೇಕು. ಒಂದು ಹಣ್ಣು ಅದರಲ್ಲಿ ಐದನೇ ಒಂದು ಪಾಲು ಕೊಡುತ್ತದೆ. ಸೇಬಿನಲ್ಲಿ 100 ಗ್ರಾಂಗೆ 2.4 ಗ್ರಾಂ, ಬಾಳೆಹಣ್ಣಿನಲ್ಲಿ 2.6 ಗ್ರಾಂ ಇರುತ್ತದೆ. ಆ ಲೆಕ್ಕದಲ್ಲಿ ಪರ್ಸಿಮನ್ ಮುಂದಿದೆ. ಬೆಳಿಗ್ಗೆ ಹೊಟ್ಟೆ ಸರಿಯಾಗಿ ಆಗದವರಿಗೆ ಪೂರ್ತಿ ಮಾಗಿದ ಹಣ್ಣು ಒಳ್ಳೆಯದು. ಒಗರು ಉಳಿದಿರುವ ಹಣ್ಣು ಇದಕ್ಕೆ ತದ್ವಿರುದ್ಧ, ಮಲ ಕಟ್ಟಿಸಬಹುದು.

ಎರಡನೆಯದು ಆ ಕಿತ್ತಳೆ ಬಣ್ಣ. ಅದು ಬರುವುದು ಕ್ಯಾರೊಟಿನಾಯ್ಡ್‌ಗಳಿಂದ. ಕ್ಯಾರೆಟ್‌ನಲ್ಲಿ ಮುಖ್ಯವಾಗಿ ಬೀಟಾ ಕ್ಯಾರೋಟಿನ್ ಇದ್ದರೆ, ಪರ್ಸಿಮನ್‌ನಲ್ಲಿ ಜಾಸ್ತಿ ಇರುವುದು ಬೀಟಾ ಕ್ರಿಪ್ಟೊಕ್ಸಾಂಥಿನ್. 100 ಗ್ರಾಂಗೆ ಸುಮಾರು 1450 ಮೈಕ್ರೋಗ್ರಾಂ. ದೇಹ ಇದನ್ನು ವಿಟಮಿನ್ ಎ ಮಾಡಿಕೊಳ್ಳುತ್ತದೆ. ಎಲ್ಲ ಕೂಡಿಸಿದರೆ 100 ಗ್ರಾಂ ಹಣ್ಣಿನಿಂದ 81 ಮೈಕ್ರೋಗ್ರಾಂ ವಿಟಮಿನ್ ಎ ಸಿಕ್ಕ ಲೆಕ್ಕ. ಮಾವಿನಹಣ್ಣಿನಲ್ಲಿ ಇದು 54, ಪಪಾಯದಲ್ಲಿ 47. ಕಣ್ಣಿಗೆ, ಚರ್ಮಕ್ಕೆ, ಸೋಂಕು ತಡೆಯುವ ಶಕ್ತಿಗೆ ವಿಟಮಿನ್ ಎ ಬೇಕೇ ಬೇಕು. ಕಣ್ಣಿನ ಪಾಪೆಯ ಹಿಂದಿನ ಪರದೆಗೆ ಬೇಕಾದ ಲ್ಯೂಟಿನ್, ಜಿಯಾಕ್ಸಾಂಥಿನ್ ಕೂಡ ಇದರಲ್ಲಿವೆ. ಇವೆಲ್ಲ ಕೊಬ್ಬಿನಲ್ಲಿ ಕರಗುವಂಥವು. ಹಣ್ಣಿನ ಜೊತೆ ನಾಲ್ಕು ಬಾದಾಮಿ, ಒಂದು ಹಿಡಿ ಹುರಿದ ಕಡಲೆಕಾಯಿ ಅಥವಾ ತೆಂಗಿನತುರಿ ಇದ್ದರೆ ಮೈಗೆ ಚೆನ್ನಾಗಿ ಹತ್ತುತ್ತದೆ.

ಪೊಟ್ಯಾಸಿಯಂ 100 ಗ್ರಾಂಗೆ 161 ಮಿಲಿಗ್ರಾಂ, ಸೋಡಿಯಂ ಬರೀ 1 ಮಿಲಿಗ್ರಾಂ. ಬಿಪಿ ಇದ್ದವರ ತಟ್ಟೆಗೆ ಹೊಂದುವ ಹಣ್ಣೇ. ಮ್ಯಾಂಗನೀಸ್ ಕೂಡ ಒಳ್ಳೆಯ ಪ್ರಮಾಣದಲ್ಲಿದೆ. ವಿಟಮಿನ್ ಸಿ ಬೇಕು ಅಂತ ಮಾತ್ರ ಇದನ್ನು ಕೊಳ್ಳಬೇಡಿ. ಅದಕ್ಕೆ ನಮ್ಮ ಸೀಬೆಹಣ್ಣನ್ನು ಮೀರಿಸೋದು ಕಷ್ಟ.

ಜಪಾನಿನಲ್ಲಿ ಒಂದು ಗಾದೆ ಇದೆ: ಕಾಕಿ ಕೆಂಪಾದರೆ ವೈದ್ಯರ ಮುಖ ಬಿಳಚುತ್ತದೆ. ಹಣ್ಣಿನ ಕಾಲದಲ್ಲಿ ರೋಗಿಗಳು ಕಡಿಮೆಯಾಗುತ್ತಾರೆ ಅಂತ. ಗಾದೆ ಚೆನ್ನಾಗಿದೆ. ಆದರೆ ಪರ್ಸಿಮನ್ ತಿಂದರೆ ಕ್ಯಾನ್ಸರ್ ಬರೋದಿಲ್ಲ, ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಅಂತ ಓಡಾಡುವ ಮೆಸೇಜ್‌ಗಳನ್ನು ನಂಬಬೇಡಿ. ಅಂಥ ಮಾತುಗಳ ಹಿಂದೆ ಇರುವುದು ಹೆಚ್ಚಾಗಿ ಪ್ರಯೋಗಾಲಯದ, ಪ್ರಾಣಿಗಳ ಮೇಲಿನ ಪರೀಕ್ಷೆಗಳು. ಮನುಷ್ಯರ ಕಾಯಿಲೆಗೆ ಇದು ಔಷಧಿ ಅಂತ ಹೇಳೋಕೆ ಅಷ್ಟು ಸಾಲದು. ಬೆಲೆಯೂ ಕಮ್ಮಿಯಿಲ್ಲ. ಕೈಗೆಟುಕದಿದ್ದರೆ ಪಪಾಯ, ಸೀಬೆ ತಿಂದುಕೊಂಡಿದ್ದರೂ ದೇಹಕ್ಕೆ ಏನೂ ಕೊರತೆಯಾಗೋದಿಲ್ಲ.

ಹಂತ 4: ಎಷ್ಟು, ಯಾವಾಗ, ಯಾರು ಹುಷಾರಾಗಿರಬೇಕು

ಆರೋಗ್ಯವಾಗಿರುವವರಿಗೆ ದಿನಕ್ಕೆ ಒಂದು ಹಣ್ಣು ಸಾಕು. ಖಾಲಿ ಹೊಟ್ಟೆಯಲ್ಲಿ ಬೇಡ, ಅದರಲ್ಲೂ ಒಗರು ಉಳಿದ ಹಣ್ಣಂತೂ ಬೇಡವೇ ಬೇಡ.

ಕಾರಣ ಇದು. ಕರಗುವ ಟ್ಯಾನಿನ್ ಜಠರದ ಆಮ್ಲಕ್ಕೆ ಸಿಕ್ಕಾಗ ಅಂಟು ಅಂಟಾದ ಉಂಡೆ ಕಟ್ಟಬಹುದು. ಅದು ನಾರನ್ನೂ ಬೇರೆ ಆಹಾರದ ಚೂರುಗಳನ್ನೂ ಸೇರಿಸಿಕೊಂಡು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ವೈದ್ಯರು ಇದನ್ನು ಬೆಜೋವರ್ ಅನ್ನುತ್ತಾರೆ. ಪರ್ಸಿಮನ್‌ನಿಂದ ಆಗುವ ಉಂಡೆಗೆ ವೈದ್ಯಕೀಯದಲ್ಲಿ ಬೇರೆ ಹೆಸರೇ ಇದೆ, ಇದು ಉಳಿದ ಉಂಡೆಗಳಿಗಿಂತ ಗಟ್ಟಿಯೂ ಹೌದು. ಅಪರೂಪ ನಿಜ. ಆದರೆ ಹೊಟ್ಟೆಯ ಆಪರೇಷನ್ ಆದವರು, ತುಂಬಾ ವರ್ಷದಿಂದ ಸಕ್ಕರೆ ಕಾಯಿಲೆಯಿದ್ದು ಜಠರ ನಿಧಾನವಾಗಿ ಖಾಲಿಯಾಗುವವರು, ಹಲ್ಲಿಲ್ಲದೆ ಸರಿಯಾಗಿ ಅಗಿಯೋಕೆ ಆಗದ ಹಿರಿಯರು, ಇವರಿಗೆ ಈ ಅಪಾಯ ಜಾಸ್ತಿ. ಇವರು ವೈದ್ಯರನ್ನು ಕೇಳದೆ ಪರ್ಸಿಮನ್ ತಿನ್ನದಿರುವುದೇ ಒಳ್ಳೆಯದು. ತಿಂದ ಮೇಲೆ ಹೊಟ್ಟೆನೋವು, ವಾಂತಿ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ ಅನ್ನಿಸುವುದು ನಿಲ್ಲದಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಆಸ್ಪತ್ರೆಗೆ ಹೋಗಿ, ಪರ್ಸಿಮನ್ ತಿಂದಿದ್ದೆ ಅಂತ ಬಾಯಿಬಿಟ್ಟು ಹೇಳಿ. ಈ ಹಣ್ಣು ನಮ್ಮಲ್ಲಿ ಹೊಸದು. ವೈದ್ಯರಿಗೆ ತಾವಾಗೇ ಆ ಕಡೆ ಯೋಚನೆ ಹೋಗದೇ ಇರಬಹುದು.

ಸಕ್ಕರೆ ಕಾಯಿಲೆ ಇದ್ದವರು ಒಂದು ಹಣ್ಣಿನಲ್ಲಿ 31 ಗ್ರಾಂ ಕಾರ್ಬೋಹೈಡ್ರೇಟ್ ಇದೆ ಅನ್ನೋದು ನೆನಪಿಡಿ. ಅರ್ಧ ಹಣ್ಣಿನಿಂದ ಶುರು ಮಾಡಿ, ಎರಡು ಗಂಟೆ ಬಿಟ್ಟು ಮೀಟರ್‌ನಲ್ಲಿ ನೋಡಿ. ಒಣಗಿಸಿದ ಪರ್ಸಿಮನ್‌ನಲ್ಲಿ 100 ಗ್ರಾಂಗೆ 274 ಕ್ಯಾಲರಿ. ಖರ್ಜೂರದ ಹಾಗೆ ಎಣಿಸಿ ತಿನ್ನಬೇಕಾದ ಪದಾರ್ಥ ಅದು.

ರಕ್ತ ಕಡಿಮೆ ಇದ್ದು ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರು ಮಾತ್ರೆಗೂ ಹಣ್ಣಿಗೂ ಎರಡು ಗಂಟೆ ಅಂತರ ಇಡಿ. ಟ್ಯಾನಿನ್ ಕಬ್ಬಿಣವನ್ನು ಹೀರಲು ಬಿಡೋದಿಲ್ಲ. ರಾಗಿಮುದ್ದೆ, ಬಸ್ಸಾರಿನ ಊಟದ ಮೇಲೂ ತಕ್ಷಣ ಬೇಡ, ಸಂಜೆ ತಿನ್ನಿ. ಕಿಡ್ನಿ ತೊಂದರೆಗೆ ಪೊಟ್ಯಾಸಿಯಂ ಲೆಕ್ಕದ ಪಥ್ಯದಲ್ಲಿರುವವರು ವೈದ್ಯರನ್ನು ಕೇಳಿ.

ಹಂತ 5: ಅಡುಗೆಗೆ

ಗಟ್ಟಿ ಫುಯು ಕೋಸಂಬರಿಗೆ ಹೇಳಿ ಮಾಡಿಸಿದ್ದು. ಅರ್ಧ ಕಪ್ ಹೆಸರುಬೇಳೆ ಒಂದು ಗಂಟೆ ನೆನೆಸಿ ಬಸಿಯಿರಿ. ಒಂದು ಫುಯು ಸುಲಿದು ಸಣ್ಣಗೆ ಹೆಚ್ಚಿ, ಅಷ್ಟೇ ಸೌತೆಕಾಯಿ, ಎರಡು ಚಮಚ ತೆಂಗಿನತುರಿ, ಕೊತ್ತಂಬರಿ ಸೇರಿಸಿ. ಸಾಸಿವೆ, ಇಂಗು, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಡಿ. ಉಪ್ಪು, ನಿಂಬೆರಸ ಬಡಿಸುವಾಗ ಹಾಕಿ, ಮೊದಲೇ ಹಾಕಿದರೆ ನೀರು ಬಿಡುತ್ತದೆ.

ಮಾಗಿದ ಹಚಿಯಾದ ತಿರುಳನ್ನು ಬಾಳೆಹಣ್ಣಿನ ರಸಾಯನದ ಹಾಗೆ ತೆಂಗಿನಹಾಲು, ಏಲಕ್ಕಿ ಹಾಕಿ ಕಲಸಬಹುದು. ಬೆಲ್ಲ ಹಿಡಿತದಲ್ಲಿರಲಿ, ಹಣ್ಣಿನ ಸಿಹಿಯೇ ಮುಂದಿರುತ್ತದೆ. ನನಗೆ ಅದಕ್ಕಿಂತ ಇಷ್ಟ ಆಗಿದ್ದು ಜಪಾನಿನವರು ಮಾಡುವ ಪುಡಿಂಗ್. 200 ಗ್ರಾಂ ತಿರುಳಿಗೆ 100 ಮಿಲಿ ಕಾಯಿಸಿ ಆರಿಸಿದ ಗಟ್ಟಿ ಹಾಲು ಹಾಕಿ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ. ಕೂಡಲೇ ಬಟ್ಟಲಿಗೆ ಸುರಿದು ಎರಡು ಗಂಟೆ ಫ್ರಿಜ್‌ನಲ್ಲಿಡಿ. ಅಗರ್ ಬೇಡ, ಜೆಲಟಿನ್ ಬೇಡ, ಸಕ್ಕರೆಯೂ ಬೇಡ. ಹಣ್ಣಿನ ಪೆಕ್ಟಿನ್ ಹಾಲಿನ ಕ್ಯಾಲ್ಸಿಯಂ ಜೊತೆ ಸೇರಿ ಗಿಣ್ಣಿನ ಹಾಗೆ ತಾನೇ ಗಟ್ಟಿಯಾಗುತ್ತದೆ. ಬಟ್ಟಲು ಅಲುಗಾಡಿಸಿದರೆ ಥರಥರ ಅನ್ನುವ ಆ ಕಿತ್ತಳೆ ಗಿಣ್ಣನ್ನು ಒಂದು ಸಲ ಮಾಡಿ ನೋಡಿ.

ಒಲೆಯ ಮೇಲೆ ಕಾಯಿಸುವ ಅಡುಗೆಗೆ ಮಾತ್ರ ಹುಷಾರು. ಒಗರಿನ ಜಾತಿಯ ಹಣ್ಣನ್ನು ಬಿಸಿ ಮಾಡಿದರೆ ಕರಗದೆ ಕೂತಿದ್ದ ಟ್ಯಾನಿನ್ ಮತ್ತೆ ಕರಗಿ ಒಗರು ವಾಪಸ್ ಬರಬಹುದು. ಕೇಸರಿಬಾತ್ ಮಾಡುವುದಾದರೆ ಫುಯು ಹೋಳುಗಳನ್ನು ಒಲೆ ಆರಿಸಿದ ಮೇಲೆ ಬೆರೆಸಿ.

ಹಂತ 6: ಎತ್ತಿಡುವುದು

ಗಟ್ಟಿ ಫುಯು ಹೊರಗೆ ಒಂದು ವಾರ ಇರುತ್ತದೆ. ಮಾಗಿದ ಹಚಿಯಾ ಫ್ರಿಜ್‌ನಲ್ಲಿ ಎರಡು ಮೂರು ದಿನ, ಅಷ್ಟೇ.

ಜಪಾನ್, ಕೊರಿಯಾದಲ್ಲಿ ಸಿಪ್ಪೆ ಸುಲಿದ ಹಣ್ಣನ್ನು ದಾರಕ್ಕೆ ಕಟ್ಟಿ ಚಳಿಗಾಳಿಗೆ ವಾರಗಟ್ಟಲೆ ತೂಗುಹಾಕುತ್ತಾರೆ. ನಡುನಡುವೆ ಬೆರಳಿನಿಂದ ಮೆಲ್ಲಗೆ ಒತ್ತುತ್ತಾರೆ. ಕೊನೆಗೆ ಹಣ್ಣಿನ ಸಕ್ಕರೆಯೇ ಹೊರಬಂದು ಬಿಳೀ ಹಿಟ್ಟಿನ ಹಾಗೆ ಮೈಮೇಲೆ ಕೂರುತ್ತದೆ. ಬೆಂಗಳೂರಿನಲ್ಲಾಗಲಿ ಕರಾವಳಿಯಲ್ಲಾಗಲಿ ಇದಕ್ಕೆ ಕೈಹಾಕಬೇಡಿ, ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಬದಲಿಗೆ ಫುಯುವನ್ನು ಅರ್ಧ ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ, ಓವನ್‌ನಲ್ಲಿ 60 ಡಿಗ್ರಿಯಲ್ಲಿ ಎಂಟರಿಂದ ಹತ್ತು ಗಂಟೆ ಒಣಗಿಸಿ. ಮಡಚಿದರೆ ಮುರಿಯದೆ ಬಾಗಬೇಕು, ಒತ್ತಿದರೆ ತೇವ ಬರಬಾರದು. ಪೂರ್ತಿ ಆರಿದ ಮೇಲೆ ಗಾಜಿನ ಡಬ್ಬಿಗೆ ಹಾಕಿ.

ಹಚಿಯಾ ಜಾಸ್ತಿ ಬಂದು ಎಲ್ಲ ಒಟ್ಟಿಗೆ ಮಾಗಿಬಿಟ್ಟರೆ ತಿರುಳು ತೋಡಿ, ಬೀಜ ತೆಗೆದು, ಒಂದು ಸಲಕ್ಕೆ ಬೇಕಾದಷ್ಟು ಅಳತೆಯಲ್ಲಿ ಸಣ್ಣ ಡಬ್ಬಿಗಳಿಗೆ ತುಂಬಿ ಫ್ರೀಜರ್‌ಗೆ ಇಡಿ. ಡಬ್ಬಿಯ ಮೇಲೆ ತಾರೀಖು ಬರೆಯಿರಿ. ನವೆಂಬರ್‌ನಲ್ಲಿ ಇಟ್ಟಿದ್ದನ್ನು ನಾವು ಯುಗಾದಿ ಹೊತ್ತಿಗೆ ರಸಾಯನಕ್ಕೆ ತೆಗೆಯುತ್ತೇವೆ.